ಎಡಗೆನ್ನೆ ಉಬ್ಬಿಸಿದರೆ

ನಗಬೇಡಿ ಅಮ್ಮಾ, ಒಂದ್ನಿಮಿಷ ಹಾಗೇ ಇರಿ, ನೀವು ನಕ್ರೆ ನನ್ನ ಗೆರೆ ಎಲ್ಲೋ ಹೋಗುತ್ತೆ, ಎಂದರು ಡಾಕ್ಟರಮ್ಮ, ಪೆನ್ನಿನ ತಣ್ಣನೆಯ ತುದಿ ಅವಳ ಕಿವಿಯ ಮುಂದಿನಿಂದ ಇಳಿದು ದವಡೆಯ ಕಡೆಗೆ ತೆವಳಿತು, ಇರುವೆ ಹರಿದ ಹಾಗೆ, ಕಚಗುಳಿ ಇಡುವವರೇ ನಗಬೇಡ ಅಂದರೆ ಹೇಗೆ — ಈ ನೇರಳೆ ಶಾಯಿ ತೊಳೆದರೆ ಹೋಗುತ್ತದೋ ಇಲ್ಲವೋ, ಮೊದಲೇ ಕೇಳಬೇಕಿತ್ತು, ಗಾಜಿನ ಬಾಗಿಲಾಚೆ ನಾದಿನಿ ಕೂತಿದ್ದಾಳೆ, ಅವಳಿಗೆ ಹೇಳಿರುವುದು ಕೆನ್ನೆಯ ಮಚ್ಚೆ ತೋರಿಸಿಕೊಂಡು ಬರ್ತೀನಿ ಅಂತ, ಮಚ್ಚೆ ತೋರಿಸಲು ಹೋದವಳು ಮುಖದ ತುಂಬ ನಕಾಶೆ ಬರೆಸಿಕೊಂಡು ಬಂದರೆ ಗುಬ್ಬಿ ಬಿಟ್ಟಾಳೆಯೇ. ಗುಬ್ಬಿ ಅಂತ ಹೆಸರಿಟ್ಟವಳೂ ತಾನೇ, ಗಿರಣಿಗೆ ಸೇರಿದ ಹೊಸದರಲ್ಲಿ, ಎದುರು ಮಗ್ಗದ ಹುಡುಗಿ ಒಂದು ಕಡೆ ನಿಲ್ಲದೆ ಕುಪ್ಪಳಿಸುತ್ತಿದ್ದಳು ಅಂತ, ಈಗ ಆ ಗುಬ್ಬಿಗೆ ಬಸ್ಸಿನಲ್ಲಿ ಒಂದು ಸೀಟು ಸಾಲದು, ಮೊಣಕಾಲು ಮಡಚಲು ಬಾರದು, ಕಿವಿಯಂತೂ ಮಗ್ಗದ ಸದ್ದಿಗೇ ಹೋಯಿತು, ಲಾಳಿ ಅತ್ತಿಂದಿತ್ತ ಬಡಿಯುವ ಸದ್ದು, ನೂರು ಮಗ್ಗಗಳ ಸದ್ದು, ಆ ಸದ್ದಿನಲ್ಲಿ ಬಾಯಿಬಿಟ್ಟು ಕೂಗಿದರೆ ಗಂಟಲು ಹರಿಯಬೇಕೇ ಹೊರತು ಪಕ್ಕದವಳಿಗೂ ಕೇಳದು, ಅದಕ್ಕೇ ಅಲ್ಲಿ ಎಲ್ಲರದೂ ಮುಖದ ಮಾತು, ತುಟಿ ಅಗಲಿಸಿ, ಹುಬ್ಬು ಕುಣಿಸಿ, ದನಿಯೇ ಇಲ್ಲದ ಮಾತು. ಕೈ ಎರಡೂ ನೂಲಿನ ಮೇಲಿರುತ್ತಿದ್ದವಲ್ಲ. ಎಡಗೆನ್ನೆ ಉಬ್ಬಿಸಿದರೆ ನೂಲು ಕಡಿದಿದೆ, ಬೇಗ ಬಾ ಅಂತ. ಒಂದು ಸಲ ಉಬ್ಬಿಸಿದರೆ ಸಾಕು, ಗುಬ್ಬಿ ತನ್ನ ಮಗ್ಗ ನಿಲ್ಲಿಸಿ ಹಾರಿ ಬರುತ್ತಿದ್ದಳು.

ನೋಡ್ಕೊಳ್ಳಿ, ಎಂದು ಡಾಕ್ಟರಮ್ಮ ಕೈಗನ್ನಡಿ ಕೊಟ್ಟರು, ಕನ್ನಡಿಯಲ್ಲಿ ತನ್ನ ಅಮ್ಮ ಇದ್ದಳು, ಬೆಳಿಗ್ಗೆ ಮುಖ ತೊಳೆಯುವಾಗಲೂ ಅವಳೇ, ಅಂಗಡಿಯ ಗಾಜಿನಲ್ಲೂ ಅವಳೇ, ಜೋತುಬಿದ್ದ ಬಾಯಿಯ ಎರಡು ಮೂಲೆ, ದವಡೆಯ ಅಂಚಿನಲ್ಲಿ ಎರಡು ಪುಟ್ಟ ಚೀಲ, ಏನು ತಂದುಕೊಟ್ಟರೂ ಇಷ್ಟೇನಾ ಅನ್ನುವ ಮುಖ, ಪಾಪ ಅಮ್ಮ ಬಾಯಿಬಿಟ್ಟು ಒಂದು ಮಾತೂ ಅನ್ನುತ್ತಿರಲಿಲ್ಲ, ಆ ಮುಖವೇ ಅನ್ನುತ್ತಿತ್ತು, ಮೊದಲ ಸಂಬಳದಲ್ಲಿ ಹೊದಿಕೆ ತಂದುಕೊಟ್ಟ ದಿನವೂ ಅದೇ ಮುಖ, ತನಗೆ ಮಕ್ಕಳಾದಾಗ ಅಂದುಕೊಂಡಿದ್ದಳು, ಬಡತನ ಬಂದರೆ ಬರಲಿ, ಈ ಮುಖ ಮಾತ್ರ ನನ್ನ ಮಕ್ಕಳಿಗೆ ತೋರಿಸಲಾರೆ ಅಂತ, ಮಕ್ಕಳಿಗೇನೋ ತೋರಿಸಲಿಲ್ಲ, ಈಗ ಮೊಮ್ಮಗಳು ತಾನು ಬರೆದ ಆನೆಯ ಚಿತ್ರ ಹಿಡಿದುಕೊಂಡು ಬಂದು, ಎಷ್ಟು ಚೆನ್ನಾಗಿದೆ ಅಂತ ಅಜ್ಜಿ ಬಾಯಿ ತೆರೆಯುವ ಮೊದಲೇ, ಯಾಕಜ್ಜೀ, ಚೆನ್ನಾಗಿಲ್ವಾ, ಅಂದುಬಿಟ್ಟಳು, ಆ ಮಾತು ಮುಳ್ಳಿನ ಹಾಗೆ ಒಳಗೇ ಉಳಿದಿದೆ. ಡಾಕ್ಟರಮ್ಮ ಎರಡು ಬೆರಳಲ್ಲಿ ಅವಳ ಕೆನ್ನೆಯನ್ನು ಕಿವಿಯತ್ತ ಚೂರೇ ಚೂರು ಎತ್ತಿ ಹಿಡಿದರು, ಇಷ್ಟೇ, ಇದಕ್ಕಿಂತ ಹೆಚ್ಚಿಲ್ಲ, ಎಂದರು, ಇಷ್ಟು ಸಾಕಾಗಿತ್ತು, ಅಮ್ಮ ಎದ್ದು ಹೋದಳು, ಕನ್ನಡಿಯಲ್ಲಿ ಉಳಿದವಳು ತಾನು, ಎಲ್ಲೋ ನೋಡಿದ ಹಾಗಿದೆ ಅನ್ನಿಸುವ ತಾನು — ಬೆರಳು ತೆಗೆಯಬೇಡಿ ಅನ್ನೋಣ ಅಂದುಕೊಂಡಳು, ಅಷ್ಟರಲ್ಲಿ ತೆಗೆದರು.

ಸರಿಯಾಗಿ ಕೇಳಿಸ್ಕೊಳ್ಳಿ, ಎನ್ನುತ್ತ ಡಾಕ್ಟರಮ್ಮ ಮೂಗಿನ ಮೇಲೆ ಮಾಸ್ಕ್ ಸರಿಪಡಿಸಿಕೊಂಡರು, ಅವರಿಗೆ ನೆಗಡಿ, ನಾನು ಆಸೆ ತೋರಿಸೋಳಲ್ಲ, ಚರ್ಮ ಮಾತ್ರ ಎಳೆದು ಹೊಲಿದ್ರೆ ಬಿರುಗಾಳೀಲಿ ನಿಂತವರ ಮುಖ ಆಗುತ್ತೆ, ಅದಕ್ಕೇ ಒಳಗಿನ ಪದರಾನ ಎತ್ತಿ ಕಟ್ಟಬೇಕು, ಗಾಯ ಕೂದಲಂಚಿಂದ ಕಿವಿ ಮುಂದೆ ಬಂದು ಹಿಂದಕ್ಕೆ ಸುತ್ತಿ ಹೋಗುತ್ತೆ, ಗೆರೆ ಮಾಸೋಕೆ ವರ್ಷವಾದ್ರೂ ಬೇಕು, ಮೊದಲ ಎರಡು ಮೂರು ವಾರ ಊತ, ಕಪ್ಪು ನೀಲಿ, ಕನ್ನಡಿ ನೋಡ್ಕೊಂಡು ಯಾಕಪ್ಪಾ ಬಂದೆ ಅನ್ಸುತ್ತೆ — ಅನ್ನಿಸಲಿ, ಹೆರಿಗೆಯಲ್ಲೂ ಹಾಗೇ ಅನ್ನಿಸಿತ್ತು — ತುಟಿ ಸುತ್ತಲಿನ ಸಣ್ಣ ಗೆರೆ ಇದರಿಂದ ಹೋಗಲ್ಲ, ಹಣೆ ಹುಬ್ಬು ನಾನು ಮುಟ್ಟೋದೇ ಇಲ್ಲ, ವಯಸ್ಸೇನೂ ನಿಲ್ಲಲ್ಲ, ಅದು ತನ್ನ ಪಾಡಿಗೆ ನಡೀತಾನೇ ಇರುತ್ತೆ, ರಕ್ತ ತೆಳು ಮಾಡೋ ಮಾತ್ರೆ ಏನಾದ್ರೂ ಇದ್ರೆ ಈಗಲೇ ಹೇಳಿ, ಬಿಪಿ ಹತೋಟಿಯಲ್ಲಿರಬೇಕು, ಇಲ್ದಿದ್ರೆ ಚರ್ಮದ ಕೆಳಗೆ ರಕ್ತ ತುಂಬ್ಕೊಳ್ಳುತ್ತೆ, ಮೊದಲ ದಿನ ನಿಮ್ಮ ಜೊತೆ ಒಬ್ಬರು ಇರಲೇಬೇಕು, ಬೀಡಿ ಸಿಗರೇಟು ಸೇದ್ತೀರಾ. ತಾನು ಸೇದಿದ್ದು ಹತ್ತಿಯ ಧೂಳು ಮಾತ್ರ. ಸೇದುವವನು ಗಂಡ, ಹಿತ್ತಲಿಗೆ ಹೋಗಿ ಯಾರಿಗೂ ಗೊತ್ತಿಲ್ಲ ಅಂದುಕೊಂಡು ಸೇದುವವನು, ಮೊದಲು ಅವನಿಗೇ ಹೇಳಿದ್ದು ಈ ವಿಚಾರ, ಅವನು ಪೇಪರು ಮಡಚಿಟ್ಟ, ನಿನ್ನ ಮುಖ ನಿನ್ನಿಷ್ಟ ಕಣೇ, ಆದ್ರೆ ನಂದೂ ಒಂಚೂರು ಎತ್ತಿಸಿಬಿಡು, ಇಲ್ಲಾಂದ್ರೆ ನೋಡಿದೋರು ನನ್ನ ನಿಮ್ಮಪ್ಪ ಅಂದ್ಕೋತಾರೆ, ಎಂದ, ಅವನು ಒಳ್ಳೆಯವನು, ಅವನನ್ನು ಆರಿಸಿದ್ದೂ ಗುಬ್ಬಿಯೇ, ಎದುರು ಮಗ್ಗದಿಂದ ಮುಖದಲ್ಲೇ ಕೇಳಿದ್ದಳು, ನಮ್ಮಣ್ಣನ್ನ ಮದುವೆ ಆಗ್ತೀಯಾ ಅಂತ, ಗಿರಣಿಯಲ್ಲಿ ಗುಟ್ಟು ಅನ್ನುವುದುಂಟೇ, ಇಡೀ ಸಾಲು ಓದಿಬಿಟ್ಟಿತು, ಎಲ್ಲರೂ ಮಗ್ಗ ಬಿಟ್ಟು ತನ್ನ ತುಟಿಯನ್ನೇ ನೋಡುತ್ತ ನಿಂತರು, ಹೂಂ ಅಂದದ್ದು ಅವರಿಗೆಲ್ಲ.

ಇನ್ನೊಂದು ಮುಖ್ಯವಾದ್ದು, ಎಂದು ಡಾಕ್ಟರಮ್ಮ ಕುರ್ಚಿ ಮುಂದಕ್ಕೆ ಎಳೆದುಕೊಂಡರು, ಮುಖ ಆಡಿಸೋ ನರಗಳು ಇಲ್ಲೇ ಹಾದು ಹೋಗ್ತವೆ, ಒಂದಕ್ಕೆ ಸ್ವಲ್ಪ ಪೆಟ್ಟಾದ್ರೂ ಬಾಯಿ ಒಂದು ಕಡೆ ಎದ್ದು ಇನ್ನೊಂದು ಕಡೆ ಏಳಲ್ಲ, ಬಹಳ ಜನಕ್ಕೆ ಕೆಲವು ತಿಂಗಳಲ್ಲಿ ಸರಿಹೋಗುತ್ತೆ, ಯಾರಿಗೋ ಒಬ್ಬರಿಗೆ ಹಾಗೇ ಉಳಿದುಬಿಡುತ್ತೆ, ಅಪರೂಪ, ಆದ್ರೂ ಹೇಳ್ಬೇಕಾದ್ದು ನನ್ನ ಧರ್ಮ. ಅಷ್ಟರಲ್ಲಿ ಹೊರಗೆ ನೆಲ ಉಜ್ಜುವ ಯಂತ್ರ ಶುರುವಾಯಿತು, ಗುರ್ ಎಂದು ಗೋಡೆಯೇ ನಡುಗುವ ಸದ್ದು, ಆ ಸದ್ದು ಕಿವಿಗೆ ಬಿದ್ದದ್ದೇ ತಡ ಅವಳ ಗಂಟಲು ತಾನಾಗಿ ಮುಚ್ಚಿಕೊಂಡಿತು, ತುಟಿ ಅಗಲವಾಯಿತು, ಹುಬ್ಬು ಎದ್ದಿತು, ಕೆಲವು ತಿಂಗಳು ಅಂದರೆ ಎಷ್ಟು ಡಾಕ್ಟ್ರೇ, ಅಂತ ಅವಳು ಕೇಳಿದಳು, ದನಿಯಿಲ್ಲದೆ. ಲಕ್ವವೇ ಹೊಡೆಯಿತೆಂದು ಡಾಕ್ಟರಮ್ಮ ಗಾಬರಿಯಾದರು, ಅಮ್ಮಾ, ಮಾತು ಬರ್ತಿಲ್ವಾ, ಕೈ ಎತ್ತಿ, ಎರಡೂ ಕೈ, ಎಂದರು, ಅವಳಿಗೆ ನಾಚಿಕೆಯೋ ನಾಚಿಕೆ, ಅಯ್ಯೋ ಬರುತ್ತೆ, ಇದು ಗಿರಣಿ ಅಭ್ಯಾಸ, ಎಂದಳು ಗಟ್ಟಿಯಾಗಿ, ಆದರೂ ಬಿಡಲಿಲ್ಲ ಆ ಪುಣ್ಯಾತ್ಗಿತ್ತಿ, ಇರಲಿ, ಹೇಗೂ ನೋಡಬೇಕಾದ್ದೇ, ಈಗ ನರಗಳು ಹೇಗಿವೆ ಅಂತ, ಹುಬ್ಬು ಏರಿಸಿ, ಕಣ್ಣು ಬಿಗಿಯಾಗಿ ಮುಚ್ಚಿ, ಹಲ್ಲು ತೋರಿಸಿ, ಭೇಷ್, ಇಷ್ಟು ಚೆನ್ನಾಗಿ ಆಡೋ ಮುಖ ನಾನು ನೋಡಿಲ್ಲ, ಈಗ ಕೆನ್ನೆ ಉಬ್ಬಿಸಿ, ಬಲಗಡೆ, ಹಾಂ, ಎಡಗಡೆ.

ಎಡಗೆನ್ನೆ ಉಬ್ಬಿತು. ಬಾಗಿಲು ತೆರೆಯಿತು. ಎಲ್ಲಿ ಕಡೀತು ಅತ್ತಿಗೆ, ಎಂದು ಕೇಳುತ್ತ ನಾದಿನಿ ಒಳಗೆ ಬಂದೇಬಿಟ್ಟಳು, ಕುಂಟುವ ಮೊಣಕಾಲನ್ನೂ ಮರೆತು, ಕಿವಿ ಕೇಳದವರ ಎತ್ತರದ ದನಿಯಲ್ಲಿ, ಮಗ್ಗ ನಿಂತು ಅದೆಷ್ಟೋ ಕಾಲವಾಗಿದೆ, ಗಾಜಿನಾಚೆಯಿಂದ ಒಂದು ಕೆನ್ನೆ ಕಂಡಿತು, ಬಂದಳು, ಅಷ್ಟೇ. ಆಮೇಲೆ ಗೆರೆಗಳು ಕಂಡವು. ಮಚ್ಚೆ ಒಂದಿತ್ತು, ಇಲ್ಲಿ ಊರಿನ ರಸ್ತೆ ಎಲ್ಲಾ ಬರ್ದಿದ್ದಾರಲ್ಲ, ಎಂದು ಡಾಕ್ಟರಮ್ಮನ ಕಡೆ ತಿರುಗಿದಳು, ಅವರು ಮಾಸ್ಕಿನೊಳಗೆ ಏನೋ ಹೇಳಿದರು, ಗುಬ್ಬಿಗೆ ಬಟ್ಟೆ ಕಂಡಿತೇ ಹೊರತು ಮಾತು ಕಾಣಲಿಲ್ಲ, ಯಾರ ಮಾತು ತಾನೇ ಕಾಣುತ್ತದೆ ಅವಳಿಗೆ, ಮಗನದು ಗಡ್ಡದೊಳಗೆ ಹೂತುಹೋಗುತ್ತದೆ, ಸೊಸೆಯದು ರೈಲಿನ ಓಟ, ಕಿವಿಯ ಯಂತ್ರ ಹಾಕಿಕೊಂಡರೆ ತಲೆಯೊಳಗೆ ತಗಡು ಬಡಿದ ಹಾಗಾಗುತ್ತದಂತೆ, ಹಾಗಾಗಿ ಅವಳು ಎಲ್ಲರಿಗೂ ಹೂಂ ಹೂಂ ಅಂದುಕೊಂಡು ಸಂಜೆಯವರೆಗೆ ಕಾದು ತನ್ನ ಹತ್ತಿರ ಬಂದು ಕೂರುತ್ತಾಳೆ, ಇವತ್ತು ಮನೇಲಿ ಏನಂದ್ರು ಹೇಳು ಅತ್ತಿಗೆ, ಅಂತ. ಈಗಲೂ ಹಾಗೇ ನೋಡುತ್ತ ನಿಂತಳು. ಹೇಳಲೇಬೇಕಾಯಿತು. ಗೆರೆ ಬರೆದ ಮುಖದಲ್ಲೇ ಹೇಳಿದಳು, ಅಮ್ಮನ ವಿಷಯ, ಮೊಮ್ಮಗಳ ಆನೆಯ ವಿಷಯ, ಇಲ್ಲಿ ಕೊಯ್ದು ಇಲ್ಲಿ ಎತ್ತಿ ಇಲ್ಲಿ ಹೊಲಿಯುವ ವಿಷಯ, ಹಣೆ ಹುಬ್ಬು ಮುಟ್ಟದ ವಿಷಯ, ಗುಬ್ಬಿ ಮಗ್ಗದಲ್ಲಿ ಕಡಿದ ನೂಲು ಜೋಡಿಸುವ ಲೆಕ್ಕದಲ್ಲಿ ತಲೆಯಾಡಿಸಿದಳು, ನರಕ್ಕೆ ಪೆಟ್ಟಾದರೆ ಬಾಯಿ ಒಂದು ಕಡೆ ಏಳುವುದಿಲ್ಲ ಅನ್ನುವಾಗ ತನ್ನ ಬಾಯಿ ಎರಡೂ ಕಡೆ ಎದ್ದದ್ದು ತನಗೇ ಗೊತ್ತಾಯಿತು, ಕೆಲವು ತಿಂಗಳು, ಅಪರೂಪಕ್ಕೆ ಯಾವಾಗಲೂ, ಅನ್ನುವಾಗ ತುಟಿ ನಡುವೆಯೇ ನಿಂತಿತು.

ಗುಬ್ಬಿ ಕೈಚೀಲದ ಹಿಡಿಯನ್ನು ತಿರುಚಿದಳು, ಬಿಟ್ಟಳು. ಕೆಲವು ತಿಂಗಳು ನೀನು ಸುಮ್ಮನಿರ್ತೀಯಾ ಹಾಗಾದ್ರೆ, ನಮ್ಮಣ್ಣನ ಬಹಳ ದಿನದ ಆಸೆ ಅದು, ಎಂದಳು, ನಕ್ಕಳು, ತಾನೂ ನಕ್ಕಳು, ಡಾಕ್ಟರಮ್ಮ ಇಬ್ಬರನ್ನೂ ನೋಡಿ, ದಿನ ಗೊತ್ತು ಮಾಡೋಣವಾ ಅಮ್ಮಾ, ಎಂದರು, ಯಂತ್ರ ಮತ್ತೆ ಗುರ್ ಅಂದಿತು, ಅವಳು ನಾದಿನಿಯ ಕಡೆ ತಿರುಗಿ ತುಟಿಯಲ್ಲೇ ಅಂದಳು, ಬೇಡ ಅಂತ ಹೇಳಿಬಿಡು ನಡಿ ಹೋಗೋಣ. ಏನಂದ್ರು, ಎಂದು ಡಾಕ್ಟರಮ್ಮ ಕೈಯಾಡಿಸಿ ಕೇಳಿದರು. ಯೋಚನೆ ಮಾಡಿ ಹೇಳ್ತಾಳಂತೆ ಡಾಕ್ಟ್ರೇ, ನೀವು ಒಂದು ಒಳ್ಳೆ ದಿನ ಖಾಲಿ ಇಟ್ಟಿರಿ, ಎಂದಳು ಗುಬ್ಬಿ, ಇಡೀ ಆಸ್ಪತ್ರೆಗೆ ಕೇಳುವ ಹಾಗೆ.

ಮೆಟ್ಟಿಲಿಳಿಯುವಾಗ, ನಾನು ಬೇಡ ಅಂದ್ರೆ ನೀನ್ಯಾಕೆ ಬೇರೆ ಹೇಳಿದ್ದು, ಎಂದು ಅವಳು ಗುಬ್ಬಿಯನ್ನು ತಡೆದು ನಿಲ್ಲಿಸಿದಳು, ಬಾಯಿ ಬೇಡ ಅಂತಿತ್ತು ಅತ್ತಿಗೆ, ಹುಬ್ಬು ಬೇಕು ಅಂತಿತ್ತು, ನಾನು ಯಾವುದನ್ನ ನಂಬ್ಲಿ, ಎಂದಳು ಗುಬ್ಬಿ, ಹುಬ್ಬು ಅವರು ಮುಟ್ಟಲ್ಲ ಅಂದ್ಯಲ್ಲ, ಇನ್ಮೇಲೆ ಹುಬ್ಬಿನಲ್ಲೇ ಮಾತಾಡಿದ್ರಾಯ್ತು, ಎರಡು ಸಲ ಏರಿಸಿದ್ರೆ ಬಾ ಅಂತ ಇಟ್ಕೊಳ್ಳೋಣ, ಏನೀಗ, ನಿಮ್ಮಮ್ಮನ್ನ ಕಳಿಸಿಕೊಡು, ಪಾಪ ಅವರಿಗೂ ಸಾಕಾಗಿರುತ್ತೆ. ಹೊರಗೆ ಬಿಸಿಲು, ಬಸ್ ನಿಲ್ದಾಣ, ತಳ್ಳಾಟ, ಒಳ್ಳೆ ಉಪಾಯ, ಎರಡು ಸಲ ಹುಬ್ಬು, ಅಭ್ಯಾಸ ಆಗುತ್ತದೆ, ಯಾಕಾಗಬಾರದು, ಮೊದಲ ದಿನ ಜೊತೆಗಿರುವವಳೂ ಗುಬ್ಬಿಯೇ, ಆನೆಯ ಚಿತ್ರ ನೋಡಿ ನಗಬೇಕು, ಕಿವಿಯ ಹಿಂದಿನ ಗೆರೆಯನ್ನು ಕೂದಲು ಮುಚ್ಚುತ್ತದೆ, ಹೀಗೆ ಅಂದುಕೊಳ್ಳುತ್ತಿರುವಾಗಲೇ ಗುಬ್ಬಿ ಜನರ ಜೊತೆ ನುಗ್ಗಿ ಬಸ್ಸು ಹತ್ತಿಬಿಟ್ಟಿದ್ದಳು, ತಮ್ಮದಲ್ಲದ ಬಸ್ಸು, ಕಿಟಕಿಯ ಪಕ್ಕ ಕೂತು ಪಕ್ಕದ ಸೀಟಿಗೆ ಚೀಲ ಇಟ್ಟು ಜಾಗ ಹಿಡಿದು ಇತ್ತ ನೋಡುತ್ತಿದ್ದಾಳೆ, ಕೂಗಿದರೆ ಕೇಳದು, ನಡುವೆ ಜನ, ಅವಳು ಎರಡು ಸಲ ಹುಬ್ಬು ಏರಿಸಿದಳು, ಗುಬ್ಬಿ ಕೈಬೀಸಿದಳು, ಬಾ ಬಾ ಜಾಗ ಇದೆ ಅನ್ನುವ ಹಾಗೆ, ಮತ್ತೆ ಎರಡು ಸಲ, ಗುಬ್ಬಿ ನಕ್ಕಳು, ಬಸ್ಸಿನ ಇಂಜಿನ್ನು ಗುರುಗುಟ್ಟಿತು, ಕಂಡಕ್ಟರ್ ಬಾಗಿಲಿಗೆ ಕೈಯಿಟ್ಟ, ಅವಳು ಏನನ್ನೂ ಅಂದುಕೊಳ್ಳುವ ಮೊದಲೇ ಎಡಗೆನ್ನೆ ಉಬ್ಬಿತು —

ಗುಬ್ಬಿ ಎದ್ದಳು. ಚೀಲ ಎತ್ತಿಕೊಂಡು, ಯಾರ್ಯಾರನ್ನೋ ಸರಿಸಿ, ಒಂದೊಂದೇ ಮೆಟ್ಟಿಲು ಇಳಿದು ಬರುತ್ತಿದ್ದಾಳೆ, ಬಸ್ಸು ಹೊರಟುಹೋಯಿತು, ಬಂದಳಲ್ಲ, ಇನ್ನು ಉಸಿರು ಬಿಡಬಹುದು, ಬಿಡಲಾಗುತ್ತಿಲ್ಲ, ಎದುರಿನ ಅಂಗಡಿಯ ಗಾಜಿನಲ್ಲಿ ನೇರಳೆ ಗೆರೆ ಬಿಲ್ಲಿನ ಹಾಗೆ ಬಾಗಿ ನಿಂತಿದೆ, ಅದರ ಕೆಳಗೆ ಕೆನ್ನೆ, ಉಬ್ಬಿದ ಎಡಗೆನ್ನೆ.