ಮೂರನೆಯ ತಿದ್ದುಪಡಿ

ಶನಿವಾರ ಸಂಜೆಯೊಳಗೆ ಆರಾಧನಾಳ ಕಂಪ್ಯೂಟರಿನಲ್ಲಿಯೂ ಮುಂದಿನ ವರ್ಷದ ಪಂಚಾಂಗ ನನ್ನದರಲ್ಲಿ ಬಂದಂತೆಯೇ ಬಂದರೆ ನನಗೆ ಕೆಲಸದಿಂದ ಬಿಡುಗಡೆ ಪತ್ರ ಕೊಡುವುದಾಗಿ ರಾಮಸ್ವಾಮಿಯವರು ಹೇಳಿದ್ದರು. ಚಾಮರಾಜಪೇಟೆಯ ಅವರ ಪಂಚಾಂಗ ಕಚೇರಿಯಲ್ಲಿ ಆರು ವರ್ಷದಿಂದ ಗಣಿತದ ಕೆಲಸ ನನ್ನದು. ಸೋಮವಾರ ನಾನು ಎನ್.ಆರ್. ಕಾಲೋನಿಯ ಹತ್ತಿರದ ಕಾಲೇಜೊಂದರಲ್ಲಿ ಭೌತಶಾಸ್ತ್ರದ ಉಪನ್ಯಾಸಕನಾಗಿ ಸೇರಬೇಕಿತ್ತು. ಹಿಂದೆ ಎರಡು ಸಲ ಇಂಥ ಕೆಲಸ ಸಿಕ್ಕಾಗಲೂ ಏನೋ ನೆಪ ಹೇಳಿ ನಾನೇ ಬಿಟ್ಟಿದ್ದೆ. ನಿಜವಾದ ಕಾರಣವನ್ನು ಯಾರಿಗೂ ಹೇಳಿರಲಿಲ್ಲ.

ನನ್ನ ಜಾಗಕ್ಕೆ ಬಂದಿದ್ದ ಆರಾಧನಾ ಗಣಿತದಲ್ಲಿ ಎಂ.ಎಸ್ಸಿ. ಮಾಡಿದವಳು. ಶನಿವಾರ ಬೆಳಿಗ್ಗೆ ಹತ್ತಕ್ಕೆಲ್ಲ ಬಂದು ಕೆಲಸ ಶುರುಮಾಡಿದಳು. ಪಂಚಾಂಗ ಲೆಕ್ಕ ಹಾಕುವ ನಮ್ಮ ಪ್ರೋಗ್ರಾಂ ಇರುವುದು ಜಾವಾಸ್ಕ್ರಿಪ್ಟ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ. ಸೂರ್ಯ ಚಂದ್ರರ ಸ್ಥಾನ ಹೇಳುವ ಭಾಗ, ಪುಟ ಜೋಡಿಸುವ ಭಾಗ ಎಲ್ಲವೂ ಬೇರೆಯವರು ಬರೆದು ಹಂಚಿದ ಪ್ಯಾಕೇಜುಗಳು. ಯಾವುದು ಬೇಕು, ಯಾವ ಆವೃತ್ತಿ ಬೇಕು ಎಂಬ ಪಟ್ಟಿ ನಮ್ಮಲ್ಲಿರುತ್ತದೆ. ಪ್ಯಾಕೇಜ್ ಮ್ಯಾನೇಜರ್ ಆ ಪಟ್ಟಿಯನ್ನು ಓದಿ, ಅವನ್ನೆಲ್ಲ ಅಂತರ್ಜಾಲದಿಂದ ತಂದು ಒಂದು ಫೋಲ್ಡರಿಗೆ ತುಂಬುತ್ತದೆ. ಆ ಭಾಷೆಯ ಪ್ರೋಗ್ರಾಂ ನಡೆಸುವ ‘ನೋಡ್’ ಎಂಬ ತಂತ್ರಾಂಶವನ್ನು ಅವಳು ಹಾಕಿಕೊಂಡಳು. ಅದರ ಜೊತೆಯಲ್ಲೇ ಎನ್‌ಪಿಎಂ ಎಂಬ ಮ್ಯಾನೇಜರೂ ಬಂತು. ‘ಎನ್‌ಪಿಎಂ ಇನ್‌ಸ್ಟಾಲ್’ ಎಂದು ಟೈಪ್ ಮಾಡಿದಳು. ಒಂದು ನಿಮಿಷದೊಳಗೆ ಇನ್ನೂರ ಹನ್ನೆರಡು ಪ್ಯಾಕೇಜು ಬಂದು ಕೂತವು. ಒಂದು ದೋಷವನ್ನೂ ತೋರಿಸಲಿಲ್ಲ. ಏನಾದರೂ ದೋಷ ತೋರಿಸಲಿ ಎಂದು ನಾನು ಒಳಗೊಳಗೇ ಬಯಸುತ್ತಿದ್ದೆ.

ಎರಡೂ ಪಂಚಾಂಗಗಳನ್ನು ಪಕ್ಕಪಕ್ಕ ಇಟ್ಟು ನೋಡಿದೆವು. ಅವಳದರಲ್ಲಿ ವರ್ಷವಿಡೀ ಸೂರ್ಯೋದಯ ಮೂರು ನಾಲ್ಕು ನಿಮಿಷ ಮುಂಚೆ ಇತ್ತು. ಮಾರ್ಗಶಿರದ ಒಂದು ಏಕಾದಶಿ ಮರುದಿನಕ್ಕೆ ಹೋಗಿತ್ತು.

ರಾಮಸ್ವಾಮಿಯವರು ಕನ್ನಡಕ ಏರಿಸಿ ಎರಡನ್ನೂ ನೋಡಿದರು. “ಹೀಗೆ ಅಚ್ಚಾದ್ರೆ, ಎರಡು ದಿನ ಉಪವಾಸ ಕೂತ ಜನ ಬಂದು ನನ್ನನ್ನೇ ಫಲಾಹಾರ ಮಾಡ್ಬಿಡ್ತಾರೆ ಕಣಪ್ಪ,” ಎಂದು ಹೇಳಿ ತಮ್ಮ ಕೋಣೆಗೆ ಹೋದರು.

ಪಟ್ಟಿ ಒಂದೇ, ಆವೃತ್ತಿಯೂ ಒಂದೇ, ಉತ್ತರ ಮಾತ್ರ ಹೇಗೆ ಬೇರೆ ಎಂದು ಆರಾಧನಾ ಸ್ವಲ್ಪ ಹೊತ್ತು ಯೋಚಿಸಿದಳು. ಆಮೇಲೆ ನನ್ನ ಲ್ಯಾಪ್‌ಟಾಪಿನಲ್ಲಿಯೂ ಆ ಫೋಲ್ಡರನ್ನು ಅಳಿಸಿ ಹೊಸದಾಗಿ ಇನ್‌ಸ್ಟಾಲ್ ಮಾಡಿ ನೋಡೋಣವೆಂದು ಅದನ್ನು ತನ್ನ ಕಡೆಗೆ ಎಳೆದುಕೊಂಡಳು. ನಾನು ಕೀಲಿಮಣೆಯ ಮೇಲೆ ಅಂಗೈ ಇಟ್ಟುಬಿಟ್ಟೆ.

“ಅದನ್ನ ಮುಟ್ಟಬೇಡಿ.”

ಅವಳು ನನ್ನ ಮುಖ ನೋಡಿದಳು. “ಒಳಗೆ ಕೈ ಹಾಕಿದೀರಾ ಸರ್?”

ಹಾಕಿದ್ದೆ. ಮ್ಯಾನೇಜರ್ ತುಂಬಿಸಿದ ಫೋಲ್ಡರಿನಲ್ಲಿ ಕೈಯಾರೆ ಏನನ್ನೂ ತಿದ್ದಬಾರದು. ಇನ್ನೊಮ್ಮೆ ಇನ್‌ಸ್ಟಾಲ್ ಮಾಡಿದರೆ ತಿದ್ದಿದ್ದು ಅಳಿಸಿಹೋಗುತ್ತದೆ. ಹೊಸಬರಿಗೂ ಗೊತ್ತಿರುವ ಮಾತು. ಮೊದಲ ವರ್ಷ ಅಚ್ಚಿನವರು ಕಾಯುತ್ತಿದ್ದಾಗ, ಆಮೇಲೆ ಸರಿಮಾಡಿದರಾಯಿತೆಂದು ಅಲ್ಲಿಯೇ ತಿದ್ದಿದ್ದೆ. ಎಲ್ಲೆಲ್ಲಿ, ಏಕೆ ಎಂದು ಬರೆದಿಡಲಿಲ್ಲ. ಅಲ್ಲಿಂದೀಚೆಗೆ ಒಂದು ಪ್ಯಾಕೇಜನ್ನೂ ಹೊಸದಾಗಿ ಹಾಕಿಲ್ಲ, ಲ್ಯಾಪ್‌ಟಾಪ್ ಬದಲಿಸಿಲ್ಲ. ತಂಗಿಯ ಮದುವೆಯ ಛತ್ರಕ್ಕೂ ಅದನ್ನು ಹೆಗಲಿಗೆ ಹಾಕಿಕೊಂಡೇ ಹೋಗಿದ್ದೆ. ಫೋಲ್ಡರನ್ನು ನಕಲು ಮಾಡಿ ಎತ್ತಿಡಬಹುದಿತ್ತು, ಎತ್ತಿಟ್ಟೂ ಇದ್ದೆ. ಆದರೆ ನನಗೇ ತಿಳಿಯದ್ದನ್ನು ಇನ್ನೊಬ್ಬರ ಕೈಗೆ ಹೇಗೆ ಕೊಡುವುದು? ಹಿಂದೆ ಎರಡು ಸಲ ಕೆಲಸ ಬಿಟ್ಟಿದ್ದೂ ಇದಕ್ಕೇ.

ಇದಷ್ಟನ್ನೂ ಹೇಳಿದೆ. ಅವಳು ನಗಲಿಲ್ಲ. ತಿದ್ದಿದ ಸಾಲುಗಳನ್ನಷ್ಟೇ ಪ್ಯಾಚ್ ಎಂಬ ಬೇರೆ ಕಡತದಲ್ಲಿ ಇಟ್ಟರೆ, ಪ್ರತಿ ಇನ್‌ಸ್ಟಾಲ್ ಆದಮೇಲೂ ಅವು ತಾವಾಗಿ ಸೇರಿಕೊಳ್ಳುವಂತೆ ಮಾಡಬಹುದು ಎಂದಳು. ಪ್ರತಿಯೊಂದಕ್ಕೂ ಒಂದು ಸಾಲು ಕಾರಣ ಬರೆಯಬೇಕು ಎಂಬುದಷ್ಟೇ ಅವಳ ಷರತ್ತು.

ಎರಡೂ ಫೋಲ್ಡರುಗಳನ್ನು ಹೋಲಿಸಿದಾಗ ಮೂರು ಕಡೆ ವ್ಯತ್ಯಾಸ ಸಿಕ್ಕಿತು. ಮೊದಲನೆಯದು ನೆನಪಿತ್ತು. ಆ ಪ್ಯಾಕೇಜು ಸೂರ್ಯಬಿಂಬದ ಮೇಲಂಚು ಕಂಡಾಗ ಉದಯ ಎನ್ನುತ್ತದೆ, ವಾತಾವರಣದಲ್ಲಿ ಬೆಳಕು ಬಾಗುವುದನ್ನೂ ಸೇರಿಸುತ್ತದೆ. ನಮ್ಮ ಕಚೇರಿಯ ಪದ್ಧತಿಯಲ್ಲಿ ಬಿಂಬದ ನಡುಭಾಗ ದಿಗಂತಕ್ಕೆ ಬಂದಾಗ ಉದಯ, ಬೆಳಕು ಬಾಗುವ ಮಾತಿಲ್ಲ. ಎರಡನೆಯದು ಸೆಕೆಂಡುಗಳನ್ನು ನಿಮಿಷಕ್ಕೆ ಸರಿಹೊಂದಿಸುವ ರೀತಿ. ಕಾರಣ ಬರೆದೆ. ಅವಳು ಎರಡನ್ನೂ ಪ್ಯಾಚಿಗೆ ಸೇರಿಸಿದಳು. ಸೂರ್ಯೋದಯ ವರ್ಷವಿಡೀ ತಾಳೆಯಾಯಿತು. ಏಕಾದಶಿ ಮಾತ್ರ ಮರುದಿನದಲ್ಲೇ ಉಳಿಯಿತು.

ಮೂರನೆಯದರಲ್ಲಿ ಚಂದ್ರನ ಸ್ಥಾನಕ್ಕೆ ಒಂದು ಸಣ್ಣ ಸಂಖ್ಯೆ ಕೂಡಿಸಿದ್ದೆ. ಅದನ್ನೂ ಸೇರಿಸಿದಾಗ ಏಕಾದಶಿ ಹಿಂದಕ್ಕೆ ಬಂತು. ಎರಡು ಪಂಚಾಂಗಗಳಿಗೂ ಒಂದಕ್ಷರದ ವ್ಯತ್ಯಾಸವೂ ಇರಲಿಲ್ಲ.

“ಇದಕ್ಕೆ ಕಾರಣ ಏನು ಸರ್?”

ನೆನಪಾಗಲಿಲ್ಲ. ಹಳೆಯ ಡೈರಿ ತೆಗೆದೆ, ಆ ವರ್ಷದ ಕರಡು ಪ್ರತಿಗಳನ್ನು ತಿರುವಿದೆ. ಎಲ್ಲಿಂದ ಬಂದ ಸಂಖ್ಯೆ? ಆರು ವರ್ಷ ಅಚ್ಚಾದ ತಿಥಿಗಳೆಲ್ಲ ಅದನ್ನು ಹೊತ್ತೇ ಹೊರಗೆ ಹೋಗಿದ್ದವು. ನಾಲ್ಕೂವರೆಯಾಯಿತು. ಭೂಮಿಯ ಅಕ್ಷದ ಓಲಾಟಕ್ಕೆ ತಿದ್ದುಪಡಿ ಎಂದು ಟೈಪ್ ಮಾಡಿದೆ. ಕೇಳುವುದಕ್ಕೆ ಸರಿಯಾಗಿತ್ತು. ಆರಾಧನಾ ಓದಿ, “ಹೌದಲ್ವಾ ಸರ್, ಅದು ನನಗೆ ಹೊಳೀಲೇ ಇಲ್ಲ,” ಎಂದು ತನ್ನ ಪುಸ್ತಕದಲ್ಲಿ ಬರೆದುಕೊಳ್ಳತೊಡಗಿದಳು.

ಅವಳು ಆ ಸಾಲು ಮುಗಿಸುವುದಕ್ಕೆ ಮುಂಚೆ ನಾನು ಪರದೆಯ ಮೇಲಿನದನ್ನು ಅಳಿಸಿ, ‘ಕಾರಣ ಗೊತ್ತಿಲ್ಲ’ ಎಂದು ಬರೆದೆ. ಅವಳ ಪುಸ್ತಕದಲ್ಲಿಯೂ ಹೊಡೆದುಹಾಕುವಂತೆ ಹೇಳಿದೆ.

ರಾಮಸ್ವಾಮಿಯವರು ಬಂದು ಎರಡೂ ಪ್ರತಿಗಳನ್ನು ತಾಳೆ ನೋಡಿ ತೃಪ್ತರಾದರು. ಆಮೇಲೆ ಪ್ಯಾಚಿನ ಆ ಸಾಲನ್ನು ನಾನೇ ತೋರಿಸಿ ವಿವರಿಸಿದೆ. ಅವರು ಬೈಯಲಿಲ್ಲ.

“ಗೊತ್ತಿಲ್ಲ ಅಂತ ಬರೆದು ಅಚ್ಚಿಗೆ ಕಳ್ಸಕ್ಕಾಗತ್ತೇನಪ್ಪ?” ಎಂದರು. “ಗೊತ್ತು ಮಾಡ್ಕೊಂಡು ಹೋಗು.”

ಹೊರಗೆ ಜಗುಲಿಯಲ್ಲಿ ನಿಂತು ಕಾಲೇಜಿಗೆ ಫೋನ್ ಮಾಡಿದೆ. ಬುಧವಾರದವರೆಗೆ ಕಾಯುತ್ತೇವೆ, ಆಮೇಲೆ ಪಟ್ಟಿಯಲ್ಲಿ ಮುಂದಿನವರನ್ನು ಕರೆಯುತ್ತೇವೆ ಎಂದರು. ಮೂರು ದಿನಕ್ಕೆ ಮುಗಿಯುವ ಕೆಲಸವೋ ಅಲ್ಲವೋ ನನಗೆ ಹೇಳಲಾಗಲಿಲ್ಲ.

ಒಳಗೆ ಆರಾಧನಾ ಮನೆಗೆ ಹೋಗದೆ ಕಾಗದ ತೆಗೆದಿಟ್ಟುಕೊಂಡು ಕೂತಿದ್ದಳು. ಆ ಸಂಖ್ಯೆ ನಿಜವಾಗಿ ಬೇಕೋ ಬೇಡವೋ ಎಂದು ತಿಳಿಯಲು, ಆ ಏಕಾದಶಿಯ ಹಿಂದಿನ ಸಂಜೆಯಿಂದ ಹಿಡಿದು ಚಂದ್ರನ ಸ್ಥಾನವನ್ನು ಗಂಟೆಗಂಟೆಗೆ ಕೈಯಲ್ಲಿ ಲೆಕ್ಕ ಹಾಕತೊಡಗಿದೆವು.