ಕಸವೆಂದು ಎತ್ತಿದ ಪಾಳಿ

ಟಿಕೆಟ್ ಕಿಟಕಿಯಿಂದ ಗೈಡ್ ಹೆಂಗಸು ದೋಣಿಕಟ್ಟೆಗೆ ವಾಪಸಾಗುವಷ್ಟರಲ್ಲಿ ಆಗಬಾರದ್ದು ಆಗಿಹೋಗಿತ್ತು. ಹೊಳೆದಂಡೆಯ ಕಲ್ಲುಹಾಸು ಗುಡಿಸಿಟ್ಟ ಅಂಗಳದಂತೆ ಖಾಲಿಯಾಗಿತ್ತು. ಅವಳು ಕರೆತಂದ ಆರು ಮಂದಿ ವಿದೇಶಿಯರು ಕೈಗೆ ಗವಸು ತೊಟ್ಟು, ದೊಡ್ಡ ಕಪ್ಪು ಚೀಲದ ಬಾಯಿ ಕಟ್ಟಿ, ಬೆವರು ಒರೆಸಿಕೊಳ್ಳುತ್ತ ನಗುತ್ತಿದ್ದರು.

"ದೋಣಿ ಬರೋವರೆಗೆ ಸುಮ್ಮನೆ ಯಾಕೆ ನಿಲ್ಲೋದು ಅಂತ ಎಲ್ಲ ಚೊಕ್ಕ ಮಾಡಿಬಿಟ್ವಿ" ಅಂದಳು ಕೆಂಪು ಟೋಪಿಯವಳು, ತನ್ನ ಭಾಷೆಯಲ್ಲಿ.

ಗೈಡ್ ಚೀಲದ ಕಡೆ ನೋಡಿದಳು.

ಅದು ಕಸವಾಗಿರಲಿಲ್ಲ, ಪಾಳಿಯಾಗಿತ್ತು. ಆ ಕಟ್ಟೆಯಲ್ಲಿ ಯಾರೂ ಬಿಸಿಲಲ್ಲಿ ಸಾಲುಗಟ್ಟಿ ನಿಲ್ಲುವುದಿಲ್ಲ. ಬಂದವರು ಬಂದ ಹಾಗೆ ತಮ್ಮದೊಂದು ವಸ್ತು ಕಲ್ಲಿನ ಮೇಲಿಟ್ಟು ಚಹಾದಂಗಡಿಯ ನೆರಳಿಗೆ ಹೋಗುತ್ತಾರೆ. ದೋಣಿ ಬಂದಾಗ ವಸ್ತುವಿನ ಸಾಲಿನಂತೆ ಹತ್ತುತ್ತಾರೆ. ಒಳ್ಳೆಯದನ್ನಿಟ್ಟರೆ ಯಾರಾದರೂ ಎತ್ತಿಕೊಂಡು ಹೋದಾರು ಎಂದು ಎಲ್ಲರೂ ಇಡುವುದು ಕೆಲಸಕ್ಕೆ ಬಾರದ್ದನ್ನೇ: ಬಟ್ಟೆ ಕಿತ್ತ ಕೊಡೆ, ತುಕ್ಕು ಹಿಡಿದ ಡಬ್ಬಿ, ಮರಳು ತುಂಬಿದ ಬಾಟಲಿ, ಹರಿದ ಗೋಣಿ. ಹೊಸಬರ ಕಣ್ಣಿಗೆ ಅದು ತಿಪ್ಪೆಯಲ್ಲದೆ ಇನ್ನೇನಾಗಿ ಕಂಡೀತು?

ಚಹಾದಂಗಡಿಯ ಬೆಂಚಿನ ಮೇಲೆ ಅವಳ ಮಾವ ಕೂತಿದ್ದರು. ತೊಡೆಯ ಮೇಲೆ ಬಟ್ಟೆಯ ಚೀಲ, ಮುಖ ಊದಿಕೊಂಡಿತ್ತು. ಆಚೆ ದಡದ ಆಸ್ಪತ್ರೆಯಲ್ಲಿ ಅವರಿಗೆ ಇವತ್ತು ಡಯಾಲಿಸಿಸ್. ಈ ದೋಣಿ ತಪ್ಪಿದರೆ ಯಂತ್ರ ಬೇರೆಯವರ ಪಾಲು. ಹಿಂದೊಮ್ಮೆ ಹಾಗಾದಾಗ ಮಲಗಲಾರದೆ, ಗೋಡೆಗೊರಗಿ ಕೂತು, ಅವರು ಒಂದೊಂದು ಉಸಿರನ್ನೂ ಬಾವಿಯಿಂದ ಸೇದುವವರಂತೆ ಎಳೆದಿದ್ದರು. ಮನೆಯಲ್ಲಿ ಈಗ ಅವರೂ ಅವಳೂ ಇಬ್ಬರೇ.

ಮೊದಲು ನೋಡಿದ್ದು ರೇಡಿಯೋ. ಬಾಯಿ ಮುಚ್ಚದ ಆ ಟೈಲರಿಗೆ ಊರಿಟ್ಟ ಹೆಸರದು.

"ಅಯ್ಯೋ! ನನ್ನ ಕೊಡೆ ಎಲ್ಲಿ? ಪಾಳಿ ಎಲ್ರೋ?"

ಮಾವನೊಬ್ಬರನ್ನು ಬಿಟ್ಟು ಚಹಾದಂಗಡಿ ಬರಿದಾಯಿತು. ಗಳಿಗೆಯೊಳಗೆ ಆರು ಮಂದಿಯ ಸುತ್ತ ಗೋಡೆ ಕಟ್ಟಿದಂತೆ ಜನ ನಿಂತರು. ಕೆಂಪು ಟೋಪಿಯವಳ ನಗು ಮುಖದಲ್ಲೇ ಉಳಿಯಿತು, ಅದನ್ನೇನು ಮಾಡಬೇಕೆಂದು ತಿಳಿಯದವಳಂತೆ.

"ನಮ್ಮ ಸಾಮಾನು ಇವ್ರಿಗೆ ಕಸ, ನಾಳೆ ನಾವೂ ಕಸ" ಅಂದಳು ಮೀನಿನ ದೊಡ್ಡಕ್ಕ, ಬುಟ್ಟಿ ಸೊಂಟಕ್ಕೆ ಒತ್ತಿಕೊಂಡು. "ಮನೆ ಬಾಗಿಲಲ್ಲಿ ಫೋಟೋ ತೆಗೀತಾರೆ, ಸುಮ್ಮನಿದ್ವಿ. ದೋಣೀಲಿ ನಮ್ಮ ಜಾಗ ಹಿಡೀತಾರೆ, ಸುಮ್ಮನಿದ್ವಿ. ಇನ್ನು ಇವ್ರು ಈ ದೋಣಿ ಹತ್ತಕೂಡದು!"

"ಗೊತ್ತಿಲ್ಲದೆ ಮಾಡಿದ್ದು ದೊಡ್ಡಕ್ಕ" ಅಂದಳು ಗೈಡ್.

"ಗೊತ್ತು ಮಾಡ್ಸೋಕೇ ಅಲ್ವೇನೇ ನೀನಿರೋದು?"

ಯಾರೋ ಒಬ್ಬ ಕಪ್ಪು ಚೀಲಕ್ಕೆ ಕೈ ಹಾಕಿ ಎಳೆದ. ಅದನ್ನು ಹಿಡಿದಿದ್ದ ಎತ್ತರದ ಮುದುಕ ಬಿಡಲಿಲ್ಲ. ಚೀಲ ಹರಿದು, ಇಡೀ ಪಾಳಿ ಕಲ್ಲಿನ ಮೇಲೆ ಗಲಗಲನೆ ಚೆಲ್ಲಿತು.

ಅಷ್ಟರಲ್ಲಿ ದೋಣಿ ಬಂದಿತ್ತು, ದೋಣಿಯವನು ಹಗ್ಗದ ಮೇಲೆ ಕಾಲಿಟ್ಟು ನಿಂತಿದ್ದ. "ಪಾಳಿ ಇಲ್ದೆ ನಾನು ಹಗ್ಗ ಬಿಚ್ಚಲ್ಲ. ಆಮೇಲೆ ಎಲ್ಲರೂ ನನ್ನ ಜುಟ್ಟು ಹಿಡೀತೀರಿ."

"ಇಡ್ರಪ್ಪ ಹಾಗಾದ್ರೆ" ಅಂದ ರೇಡಿಯೋ. "ನನ್ನ ಕೊಡೆ ಮೊದಲು."

"ನಿಂದು ಯಾವಾಗ ಮೊದಲಿತ್ತು? ನನ್ನ ಡಬ್ಬಿ ಆದ್ಮೇಲೆ!" ಅಂದ ಡಬ್ಬಿಯವನು.

"ನಿನ್ನ ಡಬ್ಬಿ ಇಡೋವಾಗ ನಾನು ಎರಡನೇ ಚಹಾ ಕುಡೀತಿದ್ದೆ!"

"ನೀನು ನಿದ್ದೇಲೂ ಎರಡನೇ ಚಹಾನೇ ಕುಡೀತಿರ್ತೀಯ!"

ಒಂದಿಬ್ಬರು ನಕ್ಕರು, ಆದರೆ ಜಗಳ ನಿಲ್ಲಲಿಲ್ಲ. ಬಾಟಲಿ ಮುಂದೆ ಹೋಯಿತು, ಗೋಣಿ ಅದನ್ನು ತಳ್ಳಿತು, ಕೊಡೆ ಮತ್ತೆ ಮತ್ತೆ ತಲೆ ಎತ್ತಿತು. ಆಚೆ ದಡದ ಆಸ್ಪತ್ರೆಯ ಹಳದಿ ಗೋಡೆ ಬಿಸಿಲಿಗೆ ಬೆಳ್ಳಗಾಗುತ್ತಿತ್ತು. ಮಾವ ಬೆಂಚಿನಿಂದ ಎದ್ದು ಬರಲು ನೋಡಿ ಮತ್ತೆ ಕೂತದ್ದು ಗೈಡ್‌ಗೆ ಕಂಡಿತು.

ಕೆಂಪು ಟೋಪಿಯವಳು ಅವಳ ತೋಳು ಮುಟ್ಟಿದಳು. "ಏನು ಕೇಳ್ತಿದ್ದಾರೆ ಇವರು?"

"ಯಾವುದರ ಹಿಂದೆ ಯಾವುದಿತ್ತು ಅಂತ."

"ಅಷ್ಟೇನಾ? ಶುರು ಮಾಡೋ ಮೊದಲು ನಾನೊಂದು ಫೋಟೋ ತೆಗೆದಿದ್ದೆ. ಊರಲ್ಲಿ ತೋರಿಸೋಕೆ, ಮೊದಲು ಹೇಗಿತ್ತು, ಆಮೇಲೆ ಹೇಗಾಯ್ತು ಅಂತ."

ಫೋನು ಗೈಡ್ ಕೈಗೆ ಬಂತು. ಫೋಟೋದಲ್ಲಿ ಪಾಳಿ ಇದ್ದ ಹಾಗೇ ಇತ್ತು. ಮುಂದೆ ಡಬ್ಬಿ, ಆಮೇಲೆ ಕೊಡೆ. ಅವಳು ಬೆರಳಿನಿಂದ ಸರಿಸುತ್ತ ಹೋದಳು. ಮಾವನ ಒಂಟಿ ಚಪ್ಪಲಿ ಎಲ್ಲಕ್ಕಿಂತ ಕೊನೆಗಿತ್ತು. ಬೇರೆ ದಿನ ಅವಳೇ ಮುಂಚೆ ಬಂದು ಇಡುತ್ತಿದ್ದಳು. ಇವತ್ತು ಅತಿಥಿಗಳನ್ನು ಕರೆತರಲು ಹೋಗಿದ್ದಳು. ಮಾವ ತಾವೇ ನಡೆದುಬಂದು ಇಟ್ಟಿದ್ದರು.

ಊರವರಲ್ಲಿ ಫೋಟೋ ನೋಡಿದವಳು ಅವಳೊಬ್ಬಳೇ. ಚಪ್ಪಲಿ ಮೂರನೆಯದು ಅಂದರೆ ಮೂರನೆಯದು. ಫೋನು ವಾಪಸು ಕೊಟ್ಟರೆ ಮುಗಿಯಿತು.

ಅವಳು ಅದನ್ನು ರೇಡಿಯೋನ ಕೈಗಿಟ್ಟಳು. "ನೀವೇ ಕೂಗಿ ಹೇಳಿ."

ಅವನು ಕೂಗಿದ. ತನ್ನ ಕೊಡೆ ಎರಡನೆಯದು ಅನ್ನುವಾಗ ಮಾತ್ರ ದನಿ ಇಳಿಯಿತು. ಅವನು ಹೇಳಿದ್ದನ್ನು ಗೈಡ್ ತಿಳಿಸಿದಂತೆ ವಿದೇಶಿಯರು ಒಂದೊಂದನ್ನೇ ಎತ್ತಿ ಸಾಲಿಗಿಟ್ಟರು. ಬಾಟಲಿಯನ್ನು ಎತ್ತರದ ಮುದುಕ ಎರಡೂ ಕೈಯಲ್ಲಿ ಹಿಡಿದು ತಂದ. ಯಾರೂ ನಗಲಿಲ್ಲ, ಯಾರೂ ಬೈಯಲೂ ಇಲ್ಲ.

ದೋಣಿಯವನು ಸಾಲನ್ನು ಕಣ್ಣಲ್ಲೇ ಅಳೆದು ಗೋಣಿಯ ಹತ್ತಿರ ಕೈ ಅಡ್ಡ ಹಿಡಿದ. "ಇಲ್ಲಿಗೆ ತುಂಬ್ತು. ಉಳಿದ ಆರೂ ಮುಂದಿನ ಟ್ರಿಪ್ಪು."

ಒಂಟಿ ಚಪ್ಪಲಿ ಕೈಯ ಆಚೆಗಿತ್ತು. ಅಷ್ಟರಲ್ಲಿ ಮಾವ ಮೆಲ್ಲನೆ ಬಂದು ನಿಂತಿದ್ದರು.

"ಇರ್ಲಿ ಬಿಡಮ್ಮ. ನಾಳೆ ನೋಡಿದ್ರಾಯ್ತು."

ಅವರು ಆ ಮಾತು ಹೇಳುವುದಕ್ಕೆ ನಡುವೆ ಎರಡು ಸಲ ಉಸಿರೆಳೆದುಕೊಂಡರು.

ಅವಳು ದೋಣಿಯ ಕಡೆ ನೋಡಿದಳು. ಮುಂಭಾಗದಲ್ಲಿ ನೆರಳಿನ ಬಟ್ಟೆಯ ಕೆಳಗೆ ಆರು ಸೀಟು ಖಾಲಿ ಇದ್ದವು. ಅವಳ ಪ್ರವಾಸ ಕಂಪನಿ ಕಾಯ್ದಿರಿಸಿದ ಸೀಟು. ಅವುಗಳಿಗೆ ಯಾವತ್ತೂ ಯಾರೂ ಕಲ್ಲಿನ ಮೇಲೆ ಏನನ್ನೂ ಇಟ್ಟದ್ದಿಲ್ಲ. ದಿನಾ ಅವಳೇ ಎಲ್ಲರ ಮುಂದೆ ಅತಿಥಿಗಳನ್ನು ಅಲ್ಲಿ ಕೂರಿಸುತ್ತಿದ್ದಳು. ಹೊಳೆಯ ಆಳ, ಹಕ್ಕಿಗಳ ಹೆಸರು, ಹಾಳು ಕೋಟೆಯ ಕತೆ ಎಲ್ಲ ಹೇಳುತ್ತಿದ್ದಳು. ಕಾಲಬುಡದಲ್ಲಿದ್ದ ಪಾಳಿಯ ಸಂಗತಿ ಒಂದು ದಿನವೂ ಹೇಳಿರಲಿಲ್ಲ.

ಅವಳು ಅತಿಥಿಗಳಿಗೆ ಹೇಳಿದಳು, "ನಾವು ಈ ದೋಣಿಗೆ ಹೋಗ್ತಿಲ್ಲ. ನಿಮ್ಮದೊಂದು ವಸ್ತು ಸಾಲಿನ ಕೊನೆಗಿಡಿ."

"ಮುಂಭಾಗದ ಸೀಟು ನಮಗೇ ಅಂತ ಹೇಳಿದ್ರಲ್ಲ" ಅಂದ ಒಬ್ಬ, ಮುಖ ಕೆಂಪು ಮಾಡಿಕೊಂಡು.

"ಹೇಳಿದ್ದು ತಪ್ಪು. ನೀವು ಬರೋಕೆ ಮೊದಲೇ ಇವರೆಲ್ಲ ಕಾಯ್ತಿದ್ರು."

"ಅದನ್ನ ನಮಗೆ ಯಾರೂ ಹೇಳಲೇ ಇಲ್ಲ" ಅಂದಳು ಕೆಂಪು ಟೋಪಿಯವಳು. ಅದು ಆಕ್ಷೇಪವಾಗಿರಲಿಲ್ಲ. ಆಕೆ ನೀಲಿ ಕೈಚೀಲವನ್ನು ಚಪ್ಪಲಿಯ ಹಿಂದೆ ಇಟ್ಟಳು. ಕೆಂಪು ಮುಖದವನು ಬೆನ್ನು ತಿರುಗಿಸಿ ಚಹಾದಂಗಡಿಯತ್ತ ನಡೆದ. ಉಳಿದವರು ಏನೇನೋ ಇಟ್ಟರು.

ದೊಡ್ಡಕ್ಕ ಎಲ್ಲ ನೋಡುತ್ತಿದ್ದಳು. "ಮಾವನಿಗೆ ಜಾಗ ಬೇಕಾದಾಗ ನ್ಯಾಯ ನೆನಪಾಯ್ತು, ಅಲ್ವೇನೇ?"

"ಹೌದು ದೊಡ್ಡಕ್ಕ."

"ನನ್ನ ಮೀನು ಈ ಕಟ್ಟೆ ಮೇಲೆ ಹಳಸಿದಾಗ?"

"ಆಗ ನೆನಪಾಗಲಿಲ್ಲ."

ದೊಡ್ಡಕ್ಕ ಬುಟ್ಟಿಯನ್ನು ಇನ್ನೊಂದು ಸೊಂಟಕ್ಕೆ ಬದಲಿಸಿದಳು. "ನಾಳೆನೂ ಹೀಗೇನಾ?"

"ನಾಳೆನೂ. ನಾನಿದ್ರೆ."

ಉಳಿದಿದ್ದ ಆರು ಮಂದಿ ಕಂಪನಿಯ ಸೀಟಿಗೆ ಹತ್ತಿ ದೋಣಿ ತುಂಬಿತು. ಮಾವ ಎಲ್ಲರ ಕೊನೆಗೆ, ನೆರಳಿನ ಬಟ್ಟೆಯ ಕೆಳಗೆ ಕೂತರು. ಹೊಸ ಜಾಗದಲ್ಲಿ ಕಾಲು ಎಲ್ಲಿಡಬೇಕೆಂದು ತಿಳಿಯದೆ ಚೀಲವನ್ನು ಎದೆಗೆ ಅವಚಿಕೊಂಡಿದ್ದರು. ಅವಳು ಹತ್ತಲಿಲ್ಲ. ಅತಿಥಿಗಳನ್ನು ಬಿಟ್ಟು ಹೋಗುವಂತಿರಲಿಲ್ಲ.

ದೋಣಿ ನಡುಹೊಳೆಯಲ್ಲಿದ್ದಾಗ ಮ್ಯಾನೇಜರ್ ಫೋನ್ ಮಾಡಿದ. "ಬಸ್ಸು ಆಚೆ ಕಾಯ್ತಿದೆ. ಎಲ್ಲಿದ್ದೀರಿ?"

"ಪಾಳಿಯಲ್ಲಿ."

"ಪಾಳಿನಾ? ನಮ್ಮ ಸೀಟು?"

"ಅದು ನಮ್ಮದಲ್ಲ ಸಾರ್. ಇನ್ನು ಮೇಲೆ ಬೇರೆಯವರ ಹಾಗೇ ಹತ್ತಿಸ್ತೀನಿ. ಬೇಡ ಅಂದ್ರೆ ಬೇರೆ ಗೈಡ್ ನೋಡಿಕೊಳ್ಳಿ."

ಅವನು ಫೋನಿಟ್ಟ. ಅದರ ಅರ್ಥ ಏನು ಬೇಕಾದರೂ ಆಗಿರಬಹುದು.

ಆಚೆ ದಡದಲ್ಲಿ ಜನ ಇಳಿಯುತ್ತಿದ್ದರು. ಅವಳು ಹಣೆಗೆ ಕೈ ಅಡ್ಡ ಹಿಡಿದಳು. ಮಾವ ಅಂಚಿಗೆ ಬಂದು ನಿಂತರು, ಹಿಂಜರಿದರು. ಇಳಿದುಹೋದವರಲ್ಲಿ ಒಬ್ಬರು ತಿರುಗಿ ಬಂದು ಕೈ ಚಾಚಿದರು. ಅಷ್ಟು ದೂರಕ್ಕೆ ಯಾರೆಂದು ಗುರುತು ಹತ್ತಲಿಲ್ಲ. ಇಬ್ಬರೂ ಜೊತೆಯಾಗಿ ಹಳದಿ ಗೋಡೆಯತ್ತ ಮೆಟ್ಟಿಲು ಹತ್ತತೊಡಗಿದರು.