ಬಾಟ್ಲಿ ಕೆಳಗಿಡಿಸಿದ ಧಣಿಯ ದನಿ

ಇದು ನಡೆದದ್ದೇ. ನಂಬದವರು ಒಮಾನಿನ ಅಲ್ ಮಬೇಲಾಕ್ಕೆ ಬಂದು ನೊರ್ಬರ್ಟನನ್ನು ನೋಡಿಹೋಗಬಹುದು, ಟಿಕೆಟ್ ಇಲ್ಲ.

ಖುರುಮ್‌ನ ನಮ್ಮ ಆಫೀಸಿನಲ್ಲಿ ಅವನು ಅಕೌಂಟೆಂಟ್, ಎಲ್ಲ ಬಲ್ಲವ. ತನ್ನ ಎರಡೂ ಕಿಡ್ನಿ ಅರ್ಧಕ್ಕರ್ಧ ಕೆಟ್ಟಿರುವುದನ್ನು ಮಾತ್ರ ಯಾರಿಗೂ ಹೇಳಿರಲಿಲ್ಲ, ಇಲ್ಲಿನ ಆಸ್ಪತ್ರೆಗೂ. ಧಣಿಯ ಕಿವಿಗೆ ಬಿದ್ದರೆ ವೀಸಾ ರಿನ್ಯೂ ಆಗದು ಎಂಬ ಭಯ. ಅವನ ಹೆಂಡತಿ ಜೊವಿಟಾ ನನ್ನೊಬ್ಬನಲ್ಲಿ ಹೇಳಿಕೊಂಡಿದ್ದಳು.

ಮಲದಲ್ಲಿ ರಕ್ತ ಕಂಡು ಕೊಲೊನೋಸ್ಕೋಪಿ ನಿಗದಿಯಾಯಿತು. ಕರುಳು ತೊಳೆಯಲು ಆಸ್ಪತ್ರೆಯವರು ಕೊಟ್ಟದ್ದು ಕೊಡಗಟ್ಟಲೆ ನೀರಿಗೆ ಬೆರೆಸಿ ಕುಡಿಯುವ ಪುಡಿ. ಅಷ್ಟು ಕುಡಿಯಲು ತಾನೇನು ಎಮ್ಮೆಯೇ ಎಂದ ಮಹಾನುಭಾವ. ಎಮ್ಮೆಗೆ ಅಷ್ಟಾದರೂ ಬುದ್ಧಿಯಿದೆ, ನೀರು ಕಂಡರೆ ಕುಡಿಯುತ್ತದೆ. ಇವನು ಘಾಲಾದ ಗ್ಯಾರೇಜಿನ ಬಾದುಶಾನ ಹತ್ತಿರ ಹೋಗಿ, ಅವನು ತನ್ನ ಇಂಥದೇ ಪರೀಕ್ಷೆಗೆಂದು ಊರಿಂದ ತರಿಸಿ ಉಳಿಸಿದ್ದ, ಕರುಳು ತೊಳೆಯುವ ಫಾಸ್ಫೇಟ್ ಬಾಟ್ಲಿ ಇಸಕೊಂಡು ಬಂದ. ಎರಡೇ ಗುಟುಕು, ಹೊಟ್ಟೆ ಖಲಾಸ್ ಎಂದಿದ್ದನಂತೆ ಬಾದುಶಾ. ಕಿಡ್ನಿಯ ಸಂಗತಿ ಅವನಿಗೇನು ಗೊತ್ತು?

ಇಂಥದ್ದನ್ನು ಮುಟ್ಟಲೇಬಾರದೆಂದು ಮಂಗಳೂರಿನ ಡಾಕ್ಟರು ಹಿಂದೆಯೇ ಹೇಳಿದ್ದರು. ಜೊವಿಟಾ ಅದನ್ನು ನೆನಪಿಸಿದರೆ, ಡಾಕ್ಟರುಗಳು ಹೆದರಿಸಿಯೇ ಹೊಟ್ಟೆ ಹೊರೆಯುವವರು ಎಂದು ಭಾಷಣ ಬಿಗಿದ. ಅವಳು ಅಡುಗೆಮನೆಯಿಂದ ನನಗೆ ಫೋನ್ ಮಾಡಿದಳು.

"ಮುಚ್ಚಳ ತೆಗೀತಾ ಇದ್ದಾರೆ ಆಶ್ಲೆ. ಎಂತಾದ್ರೂ ಮಾಡು ಮಾರಾಯಾ."

ಈ ಮನುಷ್ಯ ಡಾಕ್ಟರಿಗೆ ಬಗ್ಗುವವನಲ್ಲ, ಹೆಂಡತಿಗೆ ಮೊದಲೇ ಅಲ್ಲ. ಬಗ್ಗುವುದು ಸಂಬಳ ಕೊಡುವ ಗಂಟಲಿಗೆ ಮಾತ್ರ. ಆ ಗಂಟಲು ನನಗೆ ಬರುತ್ತದೆ. ಬೇರೆ ನಂಬರಿನಿಂದ ಕರೆಮಾಡಿ, ನಮ್ಮ ಒಮಾನಿ ಧಣಿಯಂತೆ ಒಮ್ಮೆ ಕೆಮ್ಮಿ, ಅವರ ಮುರುಕು ಹಿಂದಿಯಲ್ಲೇ ಶುರುಮಾಡಿದೆ.

"ನೊರ್ಬರ್ಟ್, ತುಮ್ಹಾರಾ ಕಿಡ್ನಿ ಖರಾಬ್, ಹಮ್‌ಕೋ ಮಾಲೂಮ್. ಬಾಟಲ್ ನಹೀ ಪೀನಾ. ಡಾಕ್ಟರ್‌ಕೋ ಸಬ್ ಬೋಲೋ. ಯಲ್ಲಾ."

ಬಾಟ್ಲಿ ಕುಡಿಯಬೇಡ, ಡಾಕ್ಟರಿಗೆ ಎಲ್ಲ ಹೇಳು, ನಡೆ ಎಂಬ ಅಪ್ಪಣೆಗೆ ಅವನು ಮನೆಯೊಳಗೇ ಎದ್ದು ನಿಂತು "ಯೆಸ್ ಸರ್" ಎಂದನಂತೆ. ಬನಿಯನ್‌ನಲ್ಲಿ.

ಗಂಡಹೆಂಡಿರನ್ನು ಆಸ್ಪತ್ರೆಗೆ ನಾನೇ ಕಾರಿನಲ್ಲಿ ಕರೆದೊಯ್ದೆ. ದಾರಿಯುದ್ದಕ್ಕೂ ಅವನಿಗೆ ಕಿಡ್ನಿಯ ಚಿಂತೆಯಲ್ಲ, ಧಣಿಗೆ ಚಾಡಿ ಹೇಳಿದವರು ಯಾರು ಎಂಬ ಚಿಂತೆ. ಡಾಕ್ಟರು ರಕ್ತ ಪರೀಕ್ಷಿಸಿ, ಬಾಟ್ಲಿ ನೋಡಿ ಬೈದರು. ಸೋತ ಕಿಡ್ನಿಯಲ್ಲಿ ಈ ಫಾಸ್ಫೇಟ್ ಹರಳುಗಟ್ಟಿ ಕೂತರೆ ಉಳಿದರ್ಧವೂ ಹೋಗುತ್ತದೆ, ಆಮೇಲೆ ಡಯಾಲಿಸಿಸ್ಸೇ ಗತಿ ಎಂದರು. ಅಡ್ಮಿಟ್ ಮಾಡಿಕೊಂಡು, ಪುಡಿಯ ನೀರನ್ನೇ ತಮ್ಮ ಕಣ್ಣೆದುರು ಕುಡಿಸುವುದೆಂದು ತೀರ್ಮಾನಿಸಿದರು.

ಡಾಕ್ಟರ ಕೋಣೆಯಿಂದ ಹೊರಗೆ ಬಂದಾಗ, ನನ್ನ ಕೆನ್ನೆ ಅವನ ಕೈಗೆ ಎಟುಕದಷ್ಟು ದೂರ ನಿಂತು, ಫೋನ್ ಮಾಡಿದ್ದು ನಾನೆಂದು ಹೇಳಿದೆ.

ಅವನು ಎರಡು ಹೆಜ್ಜೆ ಹತ್ತಿರ ಬಂದ.

"ಹಾಗಾದ್ರೆ ಧಣಿಗೆ ಗೊತ್ತೇ ಇಲ್ವಾ?"

"ಇಲ್ಲ."

ಜೊವಿಟಾ ನಕ್ಕಳು, ನಾನು ನಕ್ಕೆ. ನೊರ್ಬರ್ಟ್ ಮಾತ್ರ ನರ್ಸು ಓಡಿಬರುವಷ್ಟು ಜೋರಾಗಿ, ಗೋಡೆ ಹಿಡಿದುಕೊಂಡು ನಕ್ಕ.